ಉಸಿರಾಟದ ಸೋಂಕು ಮತ್ತು ವಿಟಮಿನ್ ಮಟ್ಟ: ರಕ್ತಪರೀಕ್ಷೆಯ ವರದಿಯನ್ನು ಓದುವ ಬಗೆ

ವೈರಸ್‌ನಿಂದ ಬಂದ ಶ್ವಾಸಕೋಶದ ಸೋಂಕು ತೀವ್ರವಾಗಿ ಆಸ್ಪತ್ರೆ ಸೇರಿದವರ ರಕ್ತದಲ್ಲಿ ವಿಟಮಿನ್ ಡಿ, ವಿಟಮಿನ್ ಸಿ, ಜಿಂಕ್ ಮುಂತಾದವುಗಳ ಮಟ್ಟ ಕಡಿಮೆ ಇರುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ. ಕೊರತೆಯಿಂದಲೇ ಕಾಯಿಲೆ ಉಲ್ಬಣಿಸಿತು, ಮಾತ್ರೆ ನುಂಗಿದರೆ ಇಳಿಯುತ್ತದೆ ಎಂದು ಮನೆಯವರು ಭಾವಿಸುವುದು ಸಹಜವೇ. ಆದರೆ ಆ ತೀರ್ಮಾನಕ್ಕೆ ಬರುವ ಮುನ್ನ ವರದಿಯನ್ನು ಸ್ವಲ್ಪ ನಿಧಾನವಾಗಿ ಓದಬೇಕು.

ಮೊದಲು ನೋಡಬೇಕಾದದ್ದು ರಕ್ತ ಕೊಟ್ಟ ದಿನಾಂಕವನ್ನು. ಜ್ವರವಿದ್ದಾಗ, ಉರಿಯೂತ ಹೆಚ್ಚಿದಾಗ, ಜಿಂಕ್ ರಕ್ತದಿಂದ ಯಕೃತ್ತಿನತ್ತ ಸರಿಯುತ್ತದೆ. ವಿಟಮಿನ್ ಎ ಅನ್ನು ಸಾಗಿಸುವ ಪ್ರೋಟೀನ್ ಇಳಿಯುತ್ತದೆ. ವಿಟಮಿನ್ ಡಿ ಮತ್ತು ಸಿ ಮಟ್ಟಗಳೂ ಕುಸಿಯುತ್ತವೆ. ಅಂದರೆ ವರದಿಯಲ್ಲಿ ಕಾಣುವ ಕೊರತೆ ಕಾಯಿಲೆಗೆ ಕಾರಣವಾಗಿರದೆ, ಕಾಯಿಲೆಯ ಪರಿಣಾಮವೇ ಆಗಿರಬಹುದು. ಕಬ್ಬಿಣದ ಸಂಗ್ರಹವನ್ನು ತೋರಿಸುವ ಫೆರಿಟಿನ್ ಮಾತ್ರ ಇದಕ್ಕೆ ವಿರುದ್ಧವಾಗಿ ಏರುತ್ತದೆ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ಆರೋಗ್ಯವಂತ ವಯಸ್ಕರಿಗೆ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆ ಫೆರಿಟಿನ್ ಇದ್ದರೆ ಕಬ್ಬಿಣದ ಕೊರತೆ ಎಂದಿದ್ದರೆ, ಸೋಂಕು ಅಥವಾ ಉರಿಯೂತ ಇರುವವರಿಗೆ ಆ ಗಡಿಯನ್ನು 70ಕ್ಕೆ ಏರಿಸಿದೆ. ಕೊರತೆಯ ಅನುಮಾನವಿದ್ದರೆ ಗುಣವಾಗಿ ಕೆಲವು ವಾರ ಕಳೆದ ಮೇಲೆ ಪರೀಕ್ಷೆ ಮಾಡಿಸಿಕೊಳ್ಳುವುದೇ ಸರಿ. ತುರ್ತಾಗಿ ಮಾಡಿಸಲೇಬೇಕಾದಲ್ಲಿ ಜೊತೆಗೆ ಉರಿಯೂತ ಎಷ್ಟಿದೆಯೆಂದು ತೋರಿಸುವ ಸಿಆರ್‌ಪಿ ಪರೀಕ್ಷೆಯೂ ಇರಲಿ. ಅದು ಏರಿದ್ದರೆ ಉಳಿದ ಅಂಕಿಗಳನ್ನು ವೈದ್ಯರು ಬೇರೆ ದೃಷ್ಟಿಯಿಂದ ನೋಡುತ್ತಾರೆ. ಕೂದಲಿಗೆಂದು ಹೆಚ್ಚು ಪ್ರಮಾಣದ ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಲ್ಯಾಬಿಗೆ ತಿಳಿಸಿ, ಏಕೆಂದರೆ ಕೆಲವು ಪರೀಕ್ಷಾ ವಿಧಾನಗಳ ಫಲಿತಾಂಶವನ್ನು ಅದು ಕೆಡಿಸುತ್ತದೆ.

ವಿಟಮಿನ್ ಡಿ ಅನ್ನು ಅಳೆಯುವಾಗ ನೋಡುವುದು 25-ಹೈಡ್ರಾಕ್ಸಿ ವಿಟಮಿನ್ ಡಿ ಮಟ್ಟವನ್ನು. ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ಕೆಲವು ವರದಿಗಳು ನ್ಯಾನೋಮೋಲ್‌ನಲ್ಲಿರುತ್ತವೆ. ಆ ಅಂಕಿಯನ್ನು ಎರಡೂವರೆಯಿಂದ ಭಾಗಿಸಿದರೆ ನ್ಯಾನೋಗ್ರಾಂ ಸಿಗುತ್ತದೆ. ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕೆನಿಸುತ್ತದೆ. 2017ರಲ್ಲಿ ಪ್ರಕಟವಾದ, 25 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯು ವಿಟಮಿನ್ ಡಿಯಿಂದ ಉಸಿರಾಟದ ಸೋಂಕು ತುಸು ಕಡಿಮೆಯಾಗುತ್ತದೆಂದೂ, ತೀರಾ ಕೊರತೆ ಇದ್ದವರು ದಿನವಹಿ ಅಥವಾ ವಾರಕ್ಕೊಮ್ಮೆ ತೆಗೆದುಕೊಂಡಾಗ ಲಾಭ ಹೆಚ್ಚೆಂದೂ ಹೇಳಿತು. ಆಮೇಲೆ ಹೊಸ ಪ್ರಯೋಗಗಳು ಸೇರುತ್ತಾ ಹೋದಂತೆ ಆ ಲಾಭ ಕರಗುತ್ತಾ ಬಂದಿದೆ. ಬ್ರೆಜಿಲ್‌ನಲ್ಲಿ ಆಸ್ಪತ್ರೆ ಸೇರಿದ್ದ ಕೋವಿಡ್ ರೋಗಿಗಳಿಗೆ ಒಂದೇ ಸಲ 2 ಲಕ್ಷ ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಘಟಕ) ವಿಟಮಿನ್ ಡಿ ಕೊಟ್ಟು ನೋಡಿದಾಗ ಆಸ್ಪತ್ರೆಯ ವಾಸದ ಅವಧಿ ಕಡಿಮೆಯಾಗಲಿಲ್ಲ. ಹಾಗಾಗಿ ನಿಜವಾದ ಕೊರತೆಯನ್ನು ಮೂಳೆಗಳ ಹಿತಕ್ಕಾಗಿ ಸರಿಪಡಿಸಿಕೊಳ್ಳಿ. ಸೋಂಕಿನ ಔಷಧಿಯೆಂದು ನುಂಗಬೇಡಿ. ನಮ್ಮಲ್ಲಿ ವೈದ್ಯರು ಸಾಮಾನ್ಯವಾಗಿ ಬರೆಯುವ 60,000 ಐಯು ಪುಡಿ ಅಥವಾ ಮಾತ್ರೆ ವಾರಕ್ಕೊಂದರಂತೆ, ಅದೂ ನಿಗದಿತ ವಾರಗಳಿಗೆ ಮಾತ್ರ. ಇದನ್ನು ತಪ್ಪಾಗಿ ದಿನವೂ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ ಕಾಣಿಸಿಕೊಂಡು ಮೂತ್ರಪಿಂಡಕ್ಕೂ ಹಾನಿಯಾಗಬಹುದು.

ಜಿಂಕ್‌ನ ವಿಷಯದಲ್ಲಿ ರಕ್ತದ ಅಂಕಿ ಇನ್ನೂ ಕಡಿಮೆ ನಂಬಿಕೆಗೆ ಅರ್ಹ. ಊಟ ಮಾಡಿದ ಹೊತ್ತು ಕೂಡ ಅದನ್ನು ಬದಲಿಸುತ್ತದೆ. ವಯಸ್ಕರು ದಿನಕ್ಕೆ 40 ಮಿಲಿಗ್ರಾಂ ಮೀರಿ ತಿಂಗಳುಗಟ್ಟಲೆ ತೆಗೆದುಕೊಂಡರೆ ತಾಮ್ರದ ಕೊರತೆಯಾಗಿ ರಕ್ತಹೀನತೆಯೂ ನರದೌರ್ಬಲ್ಯವೂ ಬರಬಹುದು. ಕೋವಿಡ್ ಕಾಲದಲ್ಲಿ ಜಿಂಕ್ ಮತ್ತು ವಿಟಮಿನ್ ಸಿ ಇಲ್ಲದ ಮನೆ ವಿರಳವಾಗಿತ್ತು. 2021ರಲ್ಲಿ ಭಾರತದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಸೌಮ್ಯ ಕೋವಿಡ್‌ನ ಚಿಕಿತ್ಸಾ ಪಟ್ಟಿಯಿಂದ ಜಿಂಕ್ ಮತ್ತು ಮಲ್ಟಿವಿಟಮಿನ್‌ಗಳನ್ನು ಕೈಬಿಟ್ಟಿತು. ವಿಟಮಿನ್ ಸಿ ದಿನವೂ ತೆಗೆದುಕೊಂಡವರಲ್ಲಿ ನೆಗಡಿಯ ಅವಧಿ ಶೇ. 8ರಷ್ಟು ಕಡಿಮೆಯಾದದ್ದುಂಟು, ಆದರೆ ನೆಗಡಿ ಶುರುವಾದ ಮೇಲೆ ಆರಂಭಿಸಿದವರಿಗೆ ಖಚಿತವಾದ ಪ್ರಯೋಜನ ಕಂಡಿಲ್ಲ.

ಇದಕ್ಕೆಲ್ಲ ಒಂದು ಸ್ಪಷ್ಟ ಅಪವಾದವಿದೆ: ದಡಾರ. ಉಸಿರಿನಿಂದ ಹರಡುವ ಈ ವೈರಸ್ ತಗುಲಿದ ಮಕ್ಕಳಿಗೆ ವಿಟಮಿನ್ ಎ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ವರ್ಷ ದಾಟಿದ ಮಗುವಿಗೆ 2 ಲಕ್ಷ ಐಯು, 6ರಿಂದ 11 ತಿಂಗಳಿನ ಮಗುವಿಗೆ 1 ಲಕ್ಷ ಐಯು, ಎರಡು ದಿನ ಒಂದರ ಬೆನ್ನಿಗೊಂದು. ಇದನ್ನು ವೈದ್ಯರ ಕೈಯಲ್ಲೇ ಕೊಡಿಸಬೇಕು; ಲಸಿಕೆಗೆ ಇದು ಬದಲಿಯಲ್ಲ.

ಆಹಾರದ ಬಗ್ಗೆ ಹೇಳುವುದು ಹೆಚ್ಚಿಲ್ಲ. ನೆಲ್ಲಿಕಾಯಿ ಮತ್ತು ಸೀಬೆಹಣ್ಣಿನಲ್ಲಿ ವಿಟಮಿನ್ ಸಿ ಧಾರಾಳವಾಗಿದೆ. ಧಾನ್ಯ ಮತ್ತು ಕಾಳುಗಳಲ್ಲಿರುವ ಫೈಟೇಟ್ ಜಿಂಕ್ ಹೀರಿಕೆಗೆ ಅಡ್ಡಿಯಾಗುವುದರಿಂದ ಮೊಳಕೆ ಕಟ್ಟಿದ ಹೆಸರುಕಾಳು, ಹುಳಿ ಬಂದ ಇಡ್ಲಿ ಹಿಟ್ಟು ಸಸ್ಯಾಹಾರಿಗಳಿಗೆ ಹೆಚ್ಚು ಉಪಯುಕ್ತ.

ಸೋಂಕು ತಗುಲಿ ಉಸಿರು ಕಟ್ಟಿದಂತಾದರೆ, ಎದೆ ಬಿಗಿದರೆ, ಗೊಂದಲವಾಗಿ ಮಾತನಾಡತೊಡಗಿದರೆ ಅಥವಾ ಬೆರಳಿಗೆ ಹಾಕುವ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ, ಯಾವ ವಿಟಮಿನ್ ವರದಿಗೂ ಕಾಯದೆ ಆಸ್ಪತ್ರೆಗೆ ಹೊರಡಿ.