ಸಾಂಚೋ ಕೇಳಿದ್ದು ಸಂಬಳ

ಸೆರ್ವಾಂಟೆಸ್‌ನ ಕಾದಂಬರಿ ‘ಡಾನ್ ಕಿಹೋಟೆ’ಯನ್ನು ಸ್ಪ್ಯಾನಿಷಿನಲ್ಲಿ ಓದುತ್ತಾ ಒಂದು ಪದದ ಬೆನ್ನು ಹತ್ತಿದೆ: ‘ಮೆರ್ಸೆದ್’. ದಯೆ, ಉಪಕಾರ, ಧಣಿ ಕೊಡುವ ಇನಾಮು, ಎಲ್ಲಕ್ಕೂ ಅದೇ ಪದ. ‘ವುಯೆಸ್ತ್ರಾ ಮೆರ್ಸೆದ್’ ಅಂದರೆ ಮರ್ಯಾದೆಯ ‘ತಾವು’. ಇವತ್ತಿನ ‘ಉಸ್ತೆದ್’ ಅದೇ ಸವೆದು ಆದದ್ದು.

ಗುಟೆನ್‌ಬರ್ಗ್ ತಾಣದಲ್ಲಿ ಇಡೀ ಕಾದಂಬರಿ ಪುಕ್ಕಟೆ ಸಿಗುತ್ತದೆ. ಪದ ಹುಡುಕಿ, ಪ್ರತಿ ಸಾಲನ್ನೂ ಎಕ್ಸೆಲ್‌ಗೆ ಹಾಕಿದೆ. ಯಾರು, ಯಾರಿಗೆ, ಯಾವ ಸಿಟ್ಟಲ್ಲಿ ಅಥವಾ ಆಸೆಯಲ್ಲಿ ಅಂದರು ಅಂತ ಪಕ್ಕದಲ್ಲಿ ಬರೆದೆ. ‘ವುಯೆಸಾ ಮೆರ್ಸೆದ್’ ಅಂತಲೂ ಬರುವುದರಿಂದ ಬರೀ ‘ಮೆರ್ಸೆದ್’ ಹುಡುಕುವುದೇ ಒಳ್ಳೆಯದು.

ಎರಡನೇ ಅಧ್ಯಾಯದಲ್ಲೇ ತಮಾಷೆ ಇದೆ. ಛತ್ರದ ಬಾಗಿಲಲ್ಲಿ ನಿಂತ ಇಬ್ಬರು ವೇಶ್ಯೆಯರಿಗೆ ನಮ್ಮ ವೀರ, ಅಂದರೆ ತಾನೊಬ್ಬ ಹಳೇ ಕಾಲದ ನೈಟ್ ಅಂದುಕೊಂಡ ಡಾನ್ ಕಿಹೋಟೆ, ‘ತಾವು ಓಡಬೇಡಿ’ ಅನ್ನುತ್ತಾನೆ, ಅದೂ ಹಳೇ ಗ್ರಂಥದ ಭಾಷೆಯಲ್ಲಿ. ಕನ್ಯೆಯರೆಂದು ಕರೆದಾಗ ಅವರಿಗೆ ನಗು ತಡೆಯಲಾಗುವುದಿಲ್ಲ.

ಅವನ ಸೇವಕ ಸಾಂಚೋ ಮಾತ್ರ ಧಣಿಗೆ ಮಾತುಮಾತಿಗೂ ‘ವುಯೆಸ್ತ್ರಾ ಮೆರ್ಸೆದ್’ ಅನ್ನುತ್ತಾನೆ. ಧಣಿ ಅವನಿಗೆ ‘ತೂ’, ಅಂದರೆ ನೀನು. ಸಿಟ್ಟು ಬಂದರೆ ‘ವೋಸ್’, ದೂರ ಇಡುವ ‘ನೀವು’. ಮನೇಲಿ ಜಗಳವಾದಾಗ ‘ನೀನು’ ಹೋಗಿ ‘ನೀವು’ ಬರುತ್ತದಲ್ವಾ, ಹಾಗೆ.

ನನಗೆ ಜಾಸ್ತಿ ಹಿಡಿಸಿದ್ದು ದುಡ್ಡಿನ ಮಾತು. 1605ರ ಮೊದಲ ಭಾಗದ 20ನೇ ಅಧ್ಯಾಯದಲ್ಲೇ ಸಾಂಚೋ ಮೆಲ್ಲಗೆ ಕೇಳುತ್ತಾನೆ: ಇನಾಮಿನ ಕಾಲ ಬರದೇ ಹೋದರೆ, ಹಿಂದಿನ ಕಾಲದ ನೈಟ್‌ಗಳ ಸೇವಕರಿಗೆ ಸಂಬಳ ಎಷ್ಟಿತ್ತು? ಅವರು ಸಂಬಳಕ್ಕಲ್ಲ, ‘ಆ ಮೆರ್ಸೆದ್’, ಅಂದರೆ ಧಣಿಯ ದಯೆಯ ಮೇಲೆ ಇದ್ದರು ಅಂತ ಉತ್ತರ ಬರುತ್ತದೆ. 1615ರ ಎರಡನೇ ಭಾಗದ 7ನೇ ಅಧ್ಯಾಯದಲ್ಲಿ ಹೆಂಡತಿ ತೆರೇಸಾ ಹೇಳಿಕೊಟ್ಟು ಕಳಿಸಿದ್ದಾಳೆ. ಈ ಸಲ ನೇರ ಮಾತು: ತಿಂಗಳಿಗೆ ಇಷ್ಟು ಅಂತ ಗೊತ್ತು ಮಾಡಿ, ‘ಮೆರ್ಸೆದೆಸ್’ ನಂಬಿಕೊಂಡು ಇರಲಾರೆ, ಅವು ತಡವಾಗಿ ಬರುತ್ತವೆ, ಇಲ್ಲ ಕೆಟ್ಟದಾಗಿ ಬರುತ್ತವೆ, ಇಲ್ಲ ಬರುವುದೇ ಇಲ್ಲ. (ಹೌದು, ಕಾರಿನ ಹೆಸರೂ ಇದೇ ಪದ.) ಧಣಿ ಉತ್ತರ ಕೊಡುತ್ತಾ ‘ವೋಸ್’ಗೆ ತಿರುಗುತ್ತಾನೆ: ದಯೆಯ ಮೇಲೆ ಇರಲು ಇಷ್ಟವಿದ್ದರೆ ಸರಿ, ಇಲ್ಲವಾದರೆ ಮನೆಗೆ ಹೋಗಿ. ಎಕ್ಸೆಲ್ ಹಾಳೆಯಲ್ಲಿ ಈ ಸಾಲುಗಳನ್ನು ಒಟ್ಟಿಗೆ ಇಟ್ಟು ನೋಡದಿದ್ದರೆ ಧಣಿಯ ಈ ಸರ್ವನಾಮದ ಆಟ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಅದೇ ಭಾಗದ 28ನೇ ಅಧ್ಯಾಯದಲ್ಲಿ ಸಾಂಚೋ ಲೆಕ್ಕಕ್ಕೇ ಕೂರುತ್ತಾನೆ. ಹಿಂದಿನ ಯಜಮಾನ ತಿಂಗಳಿಗೆ ಎರಡು ದುಕಾದ್ (ಆಗಿನ ನಾಣ್ಯ) ಕೊಡುತ್ತಿದ್ದ, ಊಟ ಬೇರೆ. ಅದರ ಮೇಲೆ ಎರಡು ರಿಯಾಲ್ (ಅದಕ್ಕಿಂತ ಚಿಕ್ಕ ನಾಣ್ಯ) ‘ವುಯೆಸ್ತ್ರಾ ಮೆರ್ಸೆದ್’ ಸೇರಿಸಿದರೆ ಸಾಕು, ಆಳಲು ಕೊಡುತ್ತೇನೆಂದು ಧಣಿ ಮಾತು ಕೊಟ್ಟಿದ್ದ ದ್ವೀಪದ ಬಾಬ್ತು ಇನ್ನು ಆರು.