ಟೆಂಪೋ ಬಿಟ್ಟು ಲೋಕಲ್ ರೈಲು ಹಿಡಿದೆ: ಕಾಲ್ನಾ–ನವದ್ವೀಪ ಯಾತ್ರೆ ಕೈಗೂಡಿದ ಬಗೆ

ಹನ್ನೆರಡು ಮಂದಿ ಹಿರಿಯರನ್ನು ಕೋಲ್ಕತ್ತದ ಪಕ್ಕದ ಹೌರಾದಿಂದ ಲೋಕಲ್ ರೈಲಿನಲ್ಲಿ ಬಂಗಾಳದ ಗುಡಿಗಳ ಊರುಗಳಾದ ಕಾಲ್ನಾ, ನವದ್ವೀಪಕ್ಕೆ ಕರೆದೊಯ್ಯುತ್ತೇನೆ ಎಂದಾಗ, ಯಾತ್ರೆ ನಡೆಸುವ ನಮ್ಮ ಬಳಗದಲ್ಲಿ ನಕ್ಕವರೇ ಹೆಚ್ಚು. ‘ಪ್ಲಾಟ್‌ಫಾರ್ಮಿನಲ್ಲೇ ಇಬ್ಬರು ಕಳೆದುಹೋಗುತ್ತಾರೆ ಸ್ವಾಮಿ’ ಎಂದರು ಒಬ್ಬರು. ಯಾರೂ ಕಳೆದುಹೋಗಲಿಲ್ಲ. ಒಂದು ಕೊಡೆ ಹೋಯಿತು, ಅದೂ ನನ್ನದೇ.

ಮೊದಲ ಸಲ ನಾನೂ ಎಲ್ಲರಂತೆ ಕೋಲ್ಕತ್ತದಲ್ಲಿ ಉಳಿದು ಟೆಂಪೋ ಮಾಡಿದ್ದೆ. ಬಾಡಿಗೆ ಸುಮಾರು ಹನ್ನೊಂದು ಸಾವಿರ, ಕಾದದ್ದಕ್ಕೆ ಮೇಲೊಂದಿಷ್ಟು. ಕಾಲ್ನಾ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಭೋಗ ಮುಗಿದು ದೇವರ ಬಾಗಿಲು ಹಾಕಿತ್ತು. ಸಂಜೆಯವರೆಗೆ ಕಾಯಲು ಚಾಲಕ ಒಪ್ಪಲಿಲ್ಲ. ಎರಡನೆಯ ಸಲ ಗೌರ ಪೂರ್ಣಿಮೆಗೆ, ಅಂದರೆ ಕೃಷ್ಣಭಕ್ತ ಸಂತ ಚೈತನ್ಯರು ಹುಟ್ಟಿದ ಹುಣ್ಣಿಮೆಗೆ, ಹೊಂದಿಸಿದೆ. ಅದು ಇನ್ನೂ ದೊಡ್ಡ ತಪ್ಪು. ಆ ಜನಸಾಗರದಲ್ಲಿ ಮಂಡಿನೋವಿನವರನ್ನು ದೋಣಿ ಹತ್ತಿಸುವುದು ನನ್ನಿಂದಾಗಲಿಲ್ಲ. ಮುಂಗಡ ಕೊಟ್ಟ ಎರಡು ಕೋಣೆಗಳ ಹಣವೂ ಮುಳುಗಿತು.

ಮೂರನೆಯ ಸಲ ಒಂದು ಸಾದಾ ಸಂಗತಿ ಹೊಳೆಯಿತು. ಬೆಳಗಿನ ನೂಕುನುಗ್ಗಲು ಇರುವುದು ಹೌರಾಕ್ಕೆ ಬರುವ ರೈಲುಗಳಲ್ಲಿ; ನಾವು ಹೋಗುವುದು ಅದರ ಎದುರು ದಿಕ್ಕಿಗೆ. ಕಾಟ್ವಾ ಲೋಕಲ್‌ನಲ್ಲಿ ಹನ್ನೆರಡು ಮಂದಿಗೂ ಕೂರಲು ಜಾಗ ಸಿಕ್ಕಿತು. ಎರಡು ಗಂಟೆಯ ದಾರಿಗೆ ತಲೆಗೆ ಇಪ್ಪತ್ತು ರೂಪಾಯಿಯ ಆಸುಪಾಸು. ಯಾವ ಡಬ್ಬಿ ಹತ್ತಿದರೆ ಕಾಲ್ನಾದ ನಿಲ್ದಾಣವಾದ ಅಂಬಿಕಾ ಕಾಲ್ನಾದಲ್ಲಿ ಹೆಚ್ಚು ನಡೆಯದೆ ಹೊರಬೀಳಬಹುದು ಎಂಬುದನ್ನು ಮಾತ್ರ ಹೇಳುವುದಿಲ್ಲ. ನನಗೂ ಹೊಟ್ಟೆಪಾಡಿದೆ.

ನಿಲ್ದಾಣದಿಂದ ಟೋಟೊ (ಬ್ಯಾಟರಿ ರಿಕ್ಷಾ) ಹಿಡಿದು ನೇರ 108 ಶಿವಾಲಯಕ್ಕೆ. ಬರ್ಧಮಾನದ ಮಹಾರಾಜ ತೇಜಚಂದ್ರ 1809ರಲ್ಲಿ ಕಟ್ಟಿಸಿದ್ದು. ಹೊರಸುತ್ತಿನಲ್ಲಿ 74 ಗುಡಿಗಳು, ಲಿಂಗ ಒಂದು ಕಪ್ಪು, ಮುಂದಿನದು ಬಿಳಿ. ಒಳಸುತ್ತಿನ 34ರಲ್ಲಿ ಎಲ್ಲವೂ ಬಿಳಿ. ಎಲ್ಲ ಗುಡಿಯೂ ನೋಡಲೇಬೇಕೆಂದು ಹಟ ಹಿಡಿದ ರಾಯರೊಬ್ಬರು ಎಣಿಸುತ್ತಾ ಹೊರಟು, ಐವತ್ತರ ಹತ್ತಿರ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಅರ್ಧ ಗಂಟೆ ಹೋಯಿತು. ಈಗ ಎಣಿಸುವವರ ಕೈಗೆ ಮೊದಲೇ ಕಡಲೆಕಾಳು ಕೊಡುತ್ತೇನೆ.

ರಸ್ತೆ ದಾಟಿದರೆ ರಾಜಬಾಡಿಯ, ಅಂದರೆ ಅರಮನೆ ಆವರಣದ, ಗುಡಿಗಳು. ಲಾಲ್‌ಜಿ ಮತ್ತು ಕೃಷ್ಣಚಂದ್ರ ಗುಡಿಗಳಿಗೆ ತಲಾ 25 ಶಿಖರ. ಆದರೆ ನನ್ನ ಮಟ್ಟಿಗೆ 1849ರ ಪ್ರತಾಪೇಶ್ವರವೇ ಮಿಗಿಲು; ಗಾತ್ರದಲ್ಲಿ ಚಿಕ್ಕದು, ಸುಟ್ಟ ಮಣ್ಣಿನ ಕೆತ್ತನೆಯಿಲ್ಲದ ಅಂಗೈಯಷ್ಟು ಜಾಗವೂ ಕಾಣುವುದಿಲ್ಲ.

ಮಧ್ಯಾಹ್ನ ಬಾಗಿಲು ಹಾಕುವ ಹೊತ್ತನ್ನೇ ಪ್ರಯಾಣಕ್ಕೆ ಬಳಸಿಕೊಂಡೆ. ಮತ್ತೊಂದು ಲೋಕಲ್, ಅರ್ಧ ಮುಕ್ಕಾಲು ಗಂಟೆಯಲ್ಲಿ ನವದ್ವೀಪ ಧಾಮ. ಮಲಗಿದ್ದ ದೇವರು ಏಳುವಷ್ಟರಲ್ಲಿ ನಮ್ಮವರೂ ಒಂದು ನಿದ್ದೆ ಮುಗಿಸಿದ್ದರು. ಊಟದ ಚಿಂತೆ ಬೇಡ: ಬಂಗಾಳದಲ್ಲಿ ‘ನಿರಾಮಿಷ’ (ಸಸ್ಯಾಹಾರ) ಎಂದರೆ ಹಳೆಯ ಪದ್ಧತಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಾಧ್ವ ಹಿರಿಯರಿಗೆ ಇದಕ್ಕಿಂತ ಏನು ಬೇಕು? ಸಾಸಿವೆ ಎಣ್ಣೆಯ ಘಾಟಿಗೆ ಮಾತ್ರ ಮೂವರು ಮುಖ ಕಿವುಚಿದರು. ಅವರಿಗೆ ಚೀಲದಲ್ಲಿದ್ದ ಚಟ್ನಿಪುಡಿ, ತುಪ್ಪ.

ಮರುದಿನ ದೋಣಿಯಲ್ಲಿ ನದಿಯಾಚೆಯ ಮಾಯಾಪುರ. 1486ರಲ್ಲಿ ಚೈತನ್ಯರು ಹುಟ್ಟಿದ ಜಾಗ ನಮ್ಮದೆಂದು ನದಿಯ ಎರಡೂ ದಡದವರು ಹೇಳುತ್ತಾರೆ. ಆ ವಾದಕ್ಕೆ ನಾನು ತಲೆಹಾಕಲಿಲ್ಲ, ಎರಡೂ ಕಡೆ ಕೈಮುಗಿಸಿದೆ. ಚೈತನ್ಯರ ಅನುಯಾಯಿಗಳಾದ ಗೌಡೀಯ ವೈಷ್ಣವರ ಗುರುಪರಂಪರೆಯಲ್ಲಿ ಮಧ್ವಾಚಾರ್ಯರ ಹೆಸರಿದೆ ಎಂದು ತಿಳಿದ ಮೇಲೆ ಉಡುಪಿಯ ಅಮ್ಮನೊಬ್ಬರು ಅಲ್ಲಿ ನೆಂಟರ ಮನೆಗೆ ಬಂದವರಂತೆ ಓಡಾಡಿದರು. ಹಿಂದಿರುಗಲು ಮತ್ತೆ ದೋಣಿ ಹತ್ತಲೇ ಇಲ್ಲ: ರಸ್ತೆಯಲ್ಲಿ ಕೃಷ್ಣನಗರ, ಅಲ್ಲಿಂದ ಕೋಲ್ಕತ್ತದ ಸಿಯಾಲ್ದಾ ನಿಲ್ದಾಣಕ್ಕೆ ಲೋಕಲ್.

ರೈಲು, ಟೋಟೊ, ದೋಣಿ ಎಲ್ಲ ಸೇರಿ ತಲೆಗೆ ಮುನ್ನೂರೈವತ್ತು ದಾಟಿರಲಿಕ್ಕಿಲ್ಲ. ಟೆಂಪೋದಲ್ಲಿ ಸಾವಿರದ ಹತ್ತಿರ ಬಿದ್ದಿತ್ತು.

ನವದ್ವೀಪದ ಕೆಂಪು ಸಿಹಿ ಮೊಸರನ್ನು ಊರಿಗೆ ಒಯ್ಯುವ ಪ್ರಯೋಗವೂ ನಡೆಯಿತು. ಮೂರು ಮಡಕೆ ಕೊಂಡೆ. ಒಂದು ಸಿಯಾಲ್ದಾದಲ್ಲಿ ಒಡೆಯಿತು, ಇನ್ನೊಂದು ರಾತ್ರಿಯ ಸೆಕೆಗೆ ಹುಳಿಯಾಯಿತು. ಮೂರನೆಯದು ಖರಗಪುರ ಬರುವ ಮೊದಲೇ ಖಾಲಿಯಾಗಿತ್ತು. ಯಾರು ತಿಂದರೆಂದು ಹನ್ನೆರಡು ಮಂದಿಯಲ್ಲಿ ಒಬ್ಬರೂ ಬಾಯಿ ಬಿಡುತ್ತಿಲ್ಲ.