ಪ್ಯಾರಟ್ ಫಿಶ್ ತಗೊಳ್ಳುವ ಮೊದಲು ಇಷ್ಟು ನೋಡಿ

ಮಂಗಳೂರಲ್ಲಿ ಅಕ್ವೇರಿಯಂ ಅಂಗಡಿಗೆ ಹೋಗಿ ಪ್ಯಾರಟ್ ಉಂಟಾ ಕೇಳಿದ್ರೆ ಹೆಚ್ಚಾಗಿ ತೋರಿಸುದು ಆ ಕೇಸರಿ ಬಣ್ಣದ ದುಂಡು ಮೀನು, ಬ್ಲಡ್ ಪ್ಯಾರಟ್. ಅದು ಸಿಹಿನೀರಿನ ಮೀನು, 1980ರ ದಶಕದಲ್ಲಿ ತೈವಾನ್‌ನವರು ಸಿಕ್ಲಿಡ್ ಅನ್ನುವ ಕುಟುಂಬದ ಬೇರೆ ಬೇರೆ ಮೀನು ಕೂಡಿಸಿ ಮಾಡಿದ್ದು, ಸಮುದ್ರದ ಗಿಳಿಮೀನೇ ಬೇರೆ. ಬಾಯಿ ನೋಡಿದ್ರೆ ಸಾಕು, ಬ್ಲಡ್ ಪ್ಯಾರಟಿಗೆ ಬಾಯಿ ಪೂರ್ತಿ ಮುಚ್ಲಿಕ್ಕೆ ಆಗುದಿಲ್ಲ, ನಿಜವಾದ ಗಿಳಿಮೀನಿಗೆ ಹಲ್ಲೆಲ್ಲ ಒಂದಕ್ಕೊಂದು ಅಂಟಿ ಗಿಳಿ ಕೊಕ್ಕಿನ ಹಾಗೆ ಇರ್ತದೆ. ಕಾಸರಗೋಡಿಂದ ಆಚೆ ಕಿಳಿಮೀನ್ ಅಂತಾರಲ್ಲ, ಅದು ಇನ್ನೊಂದೇ, ನಾವು ತಿನ್ನುವ ಮದ್ಮಲ್ ಮೀನು.

ನಾನು ಹೇಳ್ಲಿಕ್ಕೆ ಹೊರಟದ್ದು ಸಮುದ್ರದ ಗಿಳಿಮೀನಲ್ಲಿ ಒಂದು ಜಾತಿ, ಬೈಕಲರ್ ಪ್ಯಾರಟ್ ಬಗ್ಗೆ. ಮರೈನ್ ಟ್ಯಾಂಕ್, ಅಂದ್ರೆ ಉಪ್ಪುನೀರಿನ ಟ್ಯಾಂಕ್ ಇಟ್ಟವರಿಗೆ ಅದರ ಮರಿ ನೋಡಿದ್ರೆ ಮನಸ್ಸು ತಡೆಯುದಿಲ್ಲ, ಹಾಲು ಬಿಳಿ ಮೈ, ಕಣ್ಣನ್ನು ಸೇರಿಸಿ ತಲೆಗೆ ಅಗಲ ಕಿತ್ತಳೆ ಪಟ್ಟಿ, ಬೆನ್ನಿನ ರೆಕ್ಕೆಯಲ್ಲಿ ಒಂದು ಕಪ್ಪು ಬೊಟ್ಟು. ಆದ್ರೆ ಬೆರಳುದ್ದ ಇರುವ ಈ ಮರಿ ಸಮುದ್ರದಲ್ಲಿ 80 ಸೆಂಟಿಮೀಟರ್ ತನಕ ಬೆಳೆಯುವ ಜಾತಿ, ಮತ್ತೆ ಆ ಬಿಳಿ ಕಿತ್ತಳೆ ಸಹ ಉಳಿಯುದಿಲ್ಲ, ಮೊದಲು ಕಂದು ಬಣ್ಣದ ಹೆಣ್ಣು, ಆಮೇಲೆ ಅದೇ ಹೆಣ್ಣು ಗಂಡಾಗಿ ಹಸಿರು ನೀಲಿ ಗುಲಾಬಿ ಆಗ್ತದೆ. ನಾಲ್ಕು ಫೀಟಿನ ಟ್ಯಾಂಕಲ್ಲಿ ಇದನ್ನು ಇಡ್ಬೇಡಿ ದಯವಿಟ್ಟು. ನಾನು ಇಟ್ಟಿದ್ದೆ. ಪೆಲೆಟ್ (ಅಂಗಡಿಯ ಗುಳಿಗೆ ತಿಂಡಿ) ಮುಟ್ಲಿಲ್ಲ, ಕಲ್ಲಿನ ಪಾಚಿ ಒಂದು ವಾರದಲ್ಲಿ ಖಾಲಿ, ಹೊಟ್ಟೆ ಒಳಗೆ ಹೋಗ್ತಾ ಹೋಗ್ತಾ ಒಂದು ಬೆಳಿಗ್ಗೆ ಫಿಲ್ಟರ್ ಪೈಪಿಗೆ ಒರಗಿ ಸತ್ತು ಹೋಗಿತ್ತು, ಈಗಲೂ ಬೇಜಾರಾಗ್ತದೆ.

ಸಾವಿರಗಟ್ಟಲೆ ಲೀಟರಿನ ಟ್ಯಾಂಕ್ ನಿಜವಾಗಿ ಉಂಟು ಅಂತಾದ್ರೆ ಮಾತ್ರ ಯೋಚಿಸಿ. ತಗೊಳ್ಳುವಾಗ ಅಂಗಡಿಯವರ ಹತ್ರ ನೋರಿ, ಅಂದ್ರೆ ಒಣಗಿಸಿದ ಸಮುದ್ರದ ಪಾಚಿ ಹಾಳೆ, ಹಾಕ್ಲಿಕ್ಕೆ ಹೇಳಿ, ನಿಮ್ಮ ಎದುರೇ ತಿನ್ಬೇಕು, ಕಲ್ಲಿಗೆ ಟಕ್ ಟಕ್ ಕುಕ್ಕಬೇಕು, ಹೊಟ್ಟೆ ತಗ್ಗಾಗಿದ್ರೆ ಬಿಟ್ಟು ಬನ್ನಿ. ಪಾಚಿ ಹಿಡಿದ ಲೈವ್ ರಾಕ್ (ಸಣ್ಣ ಜೀವಿಗಳು ಬೆಳೆದ ಸಮುದ್ರದ ಕಲ್ಲು) ಧಾರಾಳ ಇರ್ಬೇಕು, ಇದು ಹಗಲಿಡೀ ಮೇಯುವ ಮೀನು, ದಿನಕ್ಕೆ ಎರಡು ಸಲ ಚಿಟಿಕೆ ತಿಂಡಿ ಹಾಕಿದ್ರೆ ಎಂತಕ್ಕೂ ಸಾಕಾಗುದಿಲ್ಲ. ಕಲ್ಲಿನೊಟ್ಟಿಗೆ ಹವಳವನ್ನೂ ಕೆರೆಯಬಹುದು, ಹಾಗಾಗಿ ಹವಳ ಇಟ್ಟ ಟ್ಯಾಂಕಿಗೆ ಬೇಡ. ಉಪ್ಪು ಹೈಡ್ರೋಮೀಟರಲ್ಲಿ (ನೀರಿನ ಸಾಂದ್ರತೆ ಅಳೆಯುವ ಸಾಧನ) 1.023ರಿಂದ 1.025, ನೀರು 25-27 ಡಿಗ್ರಿ ಸೆಲ್ಸಿಯಸ್. ಪಣಂಬೂರಿಂದ ಕ್ಯಾನಲ್ಲಿ ಸಮುದ್ರದ ನೀರು ತರುವ ಐಡಿಯಾ ಬೇಡ, ಮಳೆಗಾಲದಲ್ಲಿ ನೇತ್ರಾವತಿ ಫಲ್ಗುಣಿ ನೀರೆಲ್ಲ ಬಂದು ಸೇರಿ ಉಪ್ಪು ಕಮ್ಮಿ ಆಗ್ತದೆ, ಬೋಟಿನ ಡೀಸೆಲ್ ಬೇರೆ.

ಮನೆಗೆ ಒಂದು ಪ್ಯಾರಟ್ ಬೇಕೇ ಬೇಕು ಅನ್ನುವವರು ಬ್ಲಡ್ ಪ್ಯಾರಟ್ ತಗೊಳ್ಳಿ, ಎರಡಕ್ಕೆ 200 ಲೀಟರ್ ಕೊಡಿ, ಮುಳುಗುವ ಪೆಲೆಟ್ ಹಾಕಿ, ನಳ್ಳಿ ನೀರಿನ ಕ್ಲೋರಿನ್ ತೆಗೆದೇ ತುಂಬಿಸಿ. ನೀಲಿ ನೇರಳೆ ಬಣ್ಣದ್ದು ಬೇಡ, ಅದು ಬಣ್ಣ ಹಾಕಿದ್ದು, ಮೀನಿಗೆ ಹಿಂಸೆ. ಗಾಳಿಮಳೆಗೆ ಕರೆಂಟ್ ಹೋಗುದು ಇದ್ದದ್ದೇ, ಬ್ಯಾಟರಿ ಏರ್ ಪಂಪ್ ಒಂದು ಇಟ್ಕೊಳ್ಳಿ.

ಸಮುದ್ರದ ಗಿಳಿಮೀನನ್ನು ಅದರ ಜಾಗದಲ್ಲೇ ನೋಡ್ಬೇಕಂದ್ರೆ ಉಡುಪಿಯಿಂದ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿ, ಬೈಕಲರೇ ಸಿಗ್ತದೆ ಅಂತ ಅಲ್ಲ, ಬೇರೆ ಜಾತಿ ಗಿಳಿಮೀನು ಉಂಟು. ಅಟ್ಟಿಸಿಕೊಂಡು ಹೋಗ್ಬೇಡಿ, ಬಂಡೆ ಹತ್ರ ಸುಮ್ಮನೆ ನಿಲ್ಲಿ. ನೀರೊಳಗೆ ಕಟ ಕಟ ಅಂತ ಕಲ್ಲು ಕೆರೆಯುವ ಸದ್ದು ಕೇಳ್ತದೆ, ಸ್ವಲ್ಪ ಹೊತ್ತಲ್ಲಿ ಬಾಲದ ಹಿಂದೆ ಬಿಳಿ ಹುಡಿ ಹೊಗೆ ಹಾಗೆ ಉದುರ್ತದೆ. ಕೊಕ್ಕಲ್ಲಿ ಕೆರೆದ ಕಲ್ಲನ್ನು ಗಂಟಲಿನ ಹಲ್ಲು ಅರೆದು ಹೊರಗೆ ಬಿಟ್ಟ ಹೊಯ್ಗೆ ಅದು, ಮಾಲ್ಡೀವ್ಸಿನ ಬಿಳಿ ಹೊಯ್ಗೆಯಲ್ಲಿ ದೊಡ್ಡ ಪಾಲು ಹೀಗೇ ಆದದ್ದು. ಮಳೆಗಾಲದಲ್ಲಿ ಬೋಟ್ ಹೋಗುದಿಲ್ಲ, ಅಕ್ಟೋಬರ್ ಕಳೆದ ಮೇಲೆ ಕೇಳಿ ನೋಡಿ.